ವಿಯೆಟ್ನಾಂ ಪ್ಲಾನ್ ಮಾಡೋರು ಮೊದಲು ಪಟ್ಟಿಯಿಂದ ಎರಡು ಊರು ಹೊಡೆದುಹಾಕಿ

"ಏಳು ದಿನದಲ್ಲಿ ಇಡೀ ವಿಯೆಟ್ನಾಂ" ಅನ್ನೋ ಪ್ಯಾಕೇಜ್‌ಗಳ ವೇಳಾಪಟ್ಟಿ ಒಮ್ಮೆ ಕೂತು ಓದಿ ನೋಡಿ. ಹನೋಯ್, ಸಾಪಾ, ಹಾ ಲಾಂಗ್, ದಾ ನಾಂಗ್, ಹೋಯಿ ಆನ್, ಹೋ ಚಿ ಮಿನ್ ಸಿಟಿ. ಆರು ರಾತ್ರಿಗೆ ಆರು ಊರು. ದಿನಾ ಬೆಳಿಗ್ಗೆ ಬ್ಯಾಗ್ ಕಟ್ಟು, ಸಂಜೆ ಬಿಚ್ಚು. ಊರು ನೋಡೋಕೆ ಸಿಗೋದು ಮೂರೋ ನಾಲ್ಕೋ ಗಂಟೆ.

ಆ ದೇಶ ಅಗಲ ಕಡಿಮೆ, ಉದ್ದ ಜಾಸ್ತಿ. ಹನೋಯ್‌ನಿಂದ ಹೋ ಚಿ ಮಿನ್ ಸಿಟಿಗೆ ರೈಲು ಹಳಿ 1,726 ಕಿ.ಮೀ., ರೈಲಲ್ಲಿ ಮೂವತ್ತು ಗಂಟೆಗೂ ಮೇಲೆ. ವಿಮಾನದಲ್ಲಿ ಹನೋಯ್‌ನಿಂದ ದಾ ನಾಂಗ್‌ಗೆ ಒಂದು ಗಂಟೆ ಇಪ್ಪತ್ತು ನಿಮಿಷ ಅಂತ ಟಿಕೆಟ್‌ನಲ್ಲಿ ಇರುತ್ತೆ, ಆದರೆ ಹೋಟೆಲ್ ಬಿಟ್ಟು ಇನ್ನೊಂದು ಹೋಟೆಲ್ ಸೇರೋ ಹೊತ್ತಿಗೆ ಐದು ಗಂಟೆ ಹೋಗಿರುತ್ತೆ. ಹಾಗಾಗಿ ಲೆಕ್ಕ ಹೀಗೆ ಹಾಕಿ: ಊರು ಬದಲಿಸಿದಷ್ಟು ಸಲ ಅರ್ಧ ಅರ್ಧ ದಿನ ಕಳೆಯಿರಿ, ಉಳಿದದ್ದೇ ನಿಮ್ಮ ಪ್ರವಾಸ. ಒಂಬತ್ತು ರಾತ್ರಿ ಇದ್ದರೆ ಹನೋಯ್ ಮೂರು, ಹಾ ಲಾಂಗ್ ಕೊಲ್ಲಿಯ ದೋಣಿಯಲ್ಲಿ ಒಂದು, ಹೋಯಿ ಆನ್ ಮೂರು, ಹೋ ಚಿ ಮಿನ್ ಸಿಟಿ ಎರಡು ಸಾಕು. ಹತ್ತನೇ ರಾತ್ರಿ ಸಿಕ್ಕರೆ ಅದು ಮಧ್ಯಭಾಗದ ಹಳೇ ರಾಜಧಾನಿ ಹುಎಗೆ. ಆರೇಳು ರಾತ್ರಿ ಮಾತ್ರ ಇದ್ದರೆ ದಕ್ಷಿಣ, ಅಂದರೆ ಹೋ ಚಿ ಮಿನ್ ಸಿಟಿ ಕಡೆ, ಪೂರ್ತಿ ಬಿಟ್ಟುಬಿಡಿ. ಉತ್ತರದ ಬೆಟ್ಟದೂರು ಸಾಪಾ ಚೆನ್ನಾಗಿದೆ, ನಿಜ. ಆದರೆ ಅದಕ್ಕೆ ಕನಿಷ್ಠ ಎರಡು ದಿನ ಬೇಕು, ಮಂಜು ಮುಸುಕಿದರೆ ಆ ಎರಡೂ ಹೋದವು.

ಟಿಕೆಟ್ ತಗೊಳ್ಳುವಾಗ ರಿಟರ್ನ್ ಹುಡುಕಬೇಡಿ, ಮಲ್ಟಿ ಸಿಟಿ ಅಂತ ಹುಡುಕಿ: ಇಳಿಯೋದು ಹನೋಯ್‌ನಲ್ಲಿ, ಹೊರಡೋದು ಹೋ ಚಿ ಮಿನ್ ಸಿಟಿಯಿಂದ. ಎರಡು ಸಾವಿರ ಜಾಸ್ತಿಯಾದರೂ ಲಾಭವೇ. ವಾಪಸ್ ಹನೋಯ್‌ಗೆ ಬರೋ ವಿಮಾನದ ಖರ್ಚು, ಒಂದು ದಿನ, ಎರಡೂ ಉಳಿಯುತ್ತೆ.

ಈಗ ಹವಾಮಾನ. ನಮ್ಮೋರು ಹೆಚ್ಚಾಗಿ ಎಡವೋದು ಇಲ್ಲೇ. ಉತ್ತರ, ಮಧ್ಯ, ದಕ್ಷಿಣ ಮೂರಕ್ಕೂ ಬೇರೆ ಬೇರೆ ಮಳೆಗಾಲ. ನಮ್ಮ ದಸರಾ ರಜೆ ಅಕ್ಟೋಬರ್‌ನಲ್ಲಿ ಬಂದರೆ ಹನೋಯ್ ಕಡೆ ಹದವಾದ ಹವೆ ಇರುತ್ತೆ. ಅದೇ ಹೊತ್ತಿಗೆ ಹುಎ, ಹೋಯಿ ಆನ್‌ಗೆ ವರ್ಷದ ಜೋರು ಮಳೆ. ಹೋಯಿ ಆನ್‌ನ ಹಳೇ ಪೇಟೆ ತೂ ಬೊನ್ ನದಿ ದಡದಲ್ಲೇ ಇದೆ. ಅಕ್ಟೋಬರ್, ನವೆಂಬರ್‌ನಲ್ಲಿ ನೀರು ಬೀದಿಗೆ ನುಗ್ಗೋದು ಅಲ್ಲಿ ಹೊಸದೇನಲ್ಲ. ದಸರಾಕ್ಕೆ ಹೋಗೋರು ಮಧ್ಯಭಾಗ ಕೈಬಿಟ್ಟು ಹನೋಯ್, ನಿನ್ ಬಿನ್, ಹಾ ಲಾಂಗ್ ನಿಧಾನವಾಗಿ ನೋಡಿ. ಏಪ್ರಿಲ್, ಮೇ ರಜೆಯಲ್ಲಿ ಮಧ್ಯಭಾಗ ಒಣಗಿರುತ್ತೆ, ಬಿಸಿಲು ಮಾತ್ರ ಸುಡುತ್ತೆ. ಮೂರೂ ಭಾಗಕ್ಕೆ ಹೊಂದೋದು ಮಾರ್ಚ್. ಅವರ ಹೊಸ ವರ್ಷ ತೆತ್ ಹಬ್ಬದ ವಾರ ತಪ್ಪಿಸಿ. 2027ರಲ್ಲಿ ಅದು ಫೆಬ್ರವರಿ 6ಕ್ಕೆ. ಅಂಗಡಿ ಮುಚ್ಚಿರುತ್ತೆ, ರೈಲು ಟಿಕೆಟ್ ಸಿಗಲ್ಲ.

ಹನೋಯ್‌ನಲ್ಲಿ ವಾರ ನೋಡಿಕೊಳ್ಳಿ. ಹೋ ಚಿ ಮಿನ್ ಸಮಾಧಿ ತೆರೆಯೋದು ಬೆಳಿಗ್ಗೆ ಮಾತ್ರ, ಸೋಮವಾರ, ಶುಕ್ರವಾರ ಬಾಗಿಲು ಹಾಕಿರುತ್ತೆ. ಹೋವಾನ್ ಕೀಮ್ ಕೆರೆ ಸುತ್ತ ವಾಹನ ನಿಲ್ಲಿಸಿ ಜನಕ್ಕೆ ಓಡಾಡೋಕೆ ಬಿಡೋದು ಶುಕ್ರವಾರ ಸಂಜೆಯಿಂದ ಭಾನುವಾರ ರಾತ್ರಿವರೆಗೆ. ಹನೋಯ್‌ನಿಂದ ನಿನ್ ಬಿನ್ ಸುಮಾರು 95 ಕಿ.ಮೀ., ಬೆಳಿಗ್ಗೆ ಹೋಗಿ ರಾತ್ರಿ ಬರಬಹುದು.

ಹಾ ಲಾಂಗ್‌ನ ಒಂದು ರಾತ್ರಿಯ ದೋಣಿ ಅಂದರೆ ಮಧ್ಯಾಹ್ನ ಹತ್ತಿ ಮಾರನೇ ದಿನ ಹನ್ನೊಂದು, ಹನ್ನೆರಡಕ್ಕೆ ಇಳಿಯೋದು. ಹನೋಯ್ ಸೇರೋದು ಮಧ್ಯಾಹ್ನ ಮೂರರ ಹೊತ್ತಿಗೆ. ಅವತ್ತು ಸಂಜೆ ಆರಕ್ಕಿಂತ ಮುಂಚಿನ ವಿಮಾನ ಬುಕ್ ಮಾಡೋದು ಜೂಜು. ದಾ ನಾಂಗ್‌ಗೆ ಹೋಗೋರಿಗೆ ಇನ್ನೊಂದು ದಾರಿ ಇದೆ, ಹಾಯ್ ಫಾಂಗ್‌ನ ಕಾತ್ ಬಿ ವಿಮಾನ ನಿಲ್ದಾಣ. ಹಾ ಲಾಂಗ್‌ಗೆ ಅದೇ ಹತ್ತಿರ. ವಿಮಾನಗಳು ಕಡಿಮೆ, ಹಾಗಾಗಿ ಮೊದಲು ಅದರ ಸಮಯ ನೋಡಿ ಆಮೇಲೆ ದೋಣಿ ಬುಕ್ ಮಾಡಿ. ಬಿರುಗಾಳಿ ಮುನ್ಸೂಚನೆ ಬಂದರೆ ಬಂದರಿನವರು ದೋಣಿ ಬಿಡಲ್ಲ, ಜುಲೈಯಿಂದ ಸೆಪ್ಟೆಂಬರ್‌ವರೆಗೆ ಈ ಅಪಾಯ ಹೆಚ್ಚು. ಅದಕ್ಕೇ ಹಾ ಲಾಂಗ್ ಅನ್ನು ದೇಶ ಬಿಡೋ ಹಿಂದಿನ ದಿನಕ್ಕೆ ಇಟ್ಟುಕೊಳ್ಳಬಾರದು.

ಹುಎಯಿಂದ ದಾ ನಾಂಗ್‌ಗೆ ಬಸ್ ಬೇಡ, ರೈಲು ಹತ್ತಿ. ಬಸ್ಸುಗಳು ಆರು ಕಿ.ಮೀ.ಗೂ ಉದ್ದದ ಹಾಯ್ ವಾನ್ ಸುರಂಗದೊಳಗೆ ಹೋಗಿಬಿಡುತ್ತವೆ. ಹೊರಗೆ ಘಟ್ಟ, ಒಳಗೆ ನಿಮಗೆ ಟ್ಯೂಬ್‌ಲೈಟ್. ರೈಲು ಸಮುದ್ರದ ಅಂಚಲ್ಲೇ ಘಟ್ಟ ಸುತ್ತಿಕೊಂಡು ಸುಮಾರು ಮೂರು ಗಂಟೆಯಲ್ಲಿ ಇಳಿಸುತ್ತೆ. ದಕ್ಷಿಣಕ್ಕೆ ಹೋಗುವಾಗ ಎಡಗಡೆ ಕಿಟಕಿ ಕೇಳಿ. ಹೋಯಿ ಆನ್‌ಗೆ ರೈಲೂ ಇಲ್ಲ, ವಿಮಾನವೂ ಇಲ್ಲ. ದಾ ನಾಂಗ್‌ನಿಂದ 30 ಕಿ.ಮೀ. ಟ್ಯಾಕ್ಸಿ, ಗ್ರ್ಯಾಬ್ ಆಪ್‌ನಲ್ಲಿ ಸಿಗುತ್ತೆ. ಅಲ್ಲಿ ಬಟ್ಟೆ ಹೊಲಿಸೋ ಆಸೆ ಇದ್ದರೆ ಮೊದಲ ದಿನವೇ ಅಳತೆ ಕೊಡಿ. ಕೊನೇ ದಿನ ಕೊಟ್ಟರೆ ಹಾಕಿ ನೋಡಿ ತಿದ್ದಿಸೋಕೆ ಸಮಯವೇ ಇರಲ್ಲ.

ಮೀ ಸನ್ ಬಗ್ಗೆ ಎರಡು ಮಾತು ಹೆಚ್ಚಾದರೂ ಸರಿ. ಹೋಯಿ ಆನ್‌ನಿಂದ ಸುಮಾರು 40 ಕಿ.ಮೀ. ದೂರದ ಕಣಿವೆಯಲ್ಲಿ ಚಂಪಾ ಅನ್ನೋ ಹಳೇ ರಾಜ್ಯದ ಅರಸರ ಇಟ್ಟಿಗೆ ಶಿವಾಲಯಗಳು, ಮೊದಲನೆಯದನ್ನು ನಾಲ್ಕನೇ ಶತಮಾನದಲ್ಲಿ ಭದ್ರವರ್ಮ ಅನ್ನೋ ರಾಜ ಭದ್ರೇಶ್ವರ ಶಿವನಿಗೆ ಕಟ್ಟಿಸಿದ್ದು. ಅಲ್ಲಿನ ಎಲ್ಲಕ್ಕಿಂತ ದೊಡ್ಡ ಗೋಪುರ 1969ರ ಅಮೆರಿಕದ ಬಾಂಬಿಗೆ ಉರುಳಿತು. ನಮ್ಮ ಪುರಾತತ್ವ ಸರ್ವೇಕ್ಷಣ ಇಲಾಖೆಯವರು ಅಲ್ಲಿ ಜೀರ್ಣೋದ್ಧಾರ ಮಾಡುವಾಗ 2020ರಲ್ಲಿ ಒಂದೇ ಕಲ್ಲಿನ ಶಿವಲಿಂಗ ಸಿಕ್ಕಿತು. ಆದರೆ ಒಳ್ಳೊಳ್ಳೆ ಶಿಲ್ಪಗಳು ಬಹುಪಾಲು ದಾ ನಾಂಗ್‌ನ ಚಾಮ್ ಮ್ಯೂಸಿಯಂನಲ್ಲಿವೆ. ಮೊದಲು ಮ್ಯೂಸಿಯಂ, ಆಮೇಲೆ ಮೀ ಸನ್. ಉಲ್ಟಾ ಮಾಡಿದರೆ ಖಾಲಿ ಗೂಡು ನೋಡಿ ಬಂದ ಹಾಗಾಗುತ್ತೆ. ಬೆಳಿಗ್ಗೆ ಏಳರ ಹೊತ್ತಿಗೆ ಅಲ್ಲಿರಿ, ಒಂಬತ್ತಾದರೆ ಬಸ್ಸುಗಳೂ ಬಿಸಿಲೂ ಒಟ್ಟಿಗೆ ಬರುತ್ತವೆ. ದಾ ನಾಂಗ್ ಹತ್ತಿರದ ಬಾ ನಾ ಹಿಲ್ಸ್‌ನ ಬಂಗಾರದ ಸೇತುವೆ? ಫೋಟೋಕ್ಕೆ ಒಂದಿಡೀ ದಿನ ಕೊಡೋರು ಕೊಡಲಿ. ಅದು ಕಟ್ಟಿದ್ದೇ 2018ರಲ್ಲಿ.

ಹೋ ಚಿ ಮಿನ್ ಸಿಟಿಯಲ್ಲಿ ಯುದ್ಧಕಾಲದ ಕೂ ಚಿ ಸುರಂಗ, ಮೆಕಾಂಗ್ ನದಿ ಬಯಲು ಎರಡೂ ಒಂದೇ ದಿನ ತೋರಿಸ್ತೀವಿ ಅನ್ನೋ ಟೂರ್ ತಗೊಳ್ಳಬೇಡಿ. ಒಂದು ವಾಯವ್ಯಕ್ಕೆ, ಇನ್ನೊಂದು ನೈಋತ್ಯಕ್ಕೆ. ಅರ್ಧ ದಿನ ಬಸ್ಸಲ್ಲೇ ಕಳೆಯುತ್ತೆ. ಕೂ ಚಿಯಲ್ಲೂ ಸುರಂಗ ನೋಡೋಕೆ ಎರಡು ಜಾಗ: ಬೆನ್ ದಿನ್ ಹತ್ತಿರ, ಅದಕ್ಕೇ ಗದ್ದಲ. ಬೆನ್ ಝುವೊಕ್ ದೂರ, ಜನ ಕಡಿಮೆ.

ಊಟದ ವಿಷಯ. ಸಸ್ಯಾಹಾರಿಗಳು "ಚಾಯ್" ಅಂತ ಬೋರ್ಡ್ ಇರೋ ಹೋಟೆಲ್ ಹುಡುಕಿ, ಅಲ್ಲಿ ಮೀನಿನ ಸಾಸ್ ಕೂಡ ಇರಲ್ಲ. ಬೇರೆ ಕಡೆ "ಮಾಂಸ ಬೇಡ" ಅಂದರೆ ತರಕಾರಿಗೆ ಮೀನಿನ ಸಾಸ್ ಬಿದ್ದೇ ಬೀಳುತ್ತೆ. ಬಾಯಲ್ಲಿ ಹೇಳಿದರೆ ಉಚ್ಚಾರ ಕೈಕೊಡುತ್ತೆ, ಫೋನ್‌ನಲ್ಲಿ ಬರೆದು ತೋರಿಸಿ. ದುಡ್ಡಿನಲ್ಲಿ ಒಂದು ಎಚ್ಚರ: ಅವರ ನಾಣ್ಯ ಡಾಂಗ್, 20,000 ಡಾಂಗ್ ನೋಟೂ ನೀಲಿ, 5,00,000ದ್ದೂ ನೀಲಿ. ರಾತ್ರಿ ಟ್ಯಾಕ್ಸಿಯೊಳಗೆ ಎರಡೂ ಒಂದೇ ಥರ ಕಾಣುತ್ತೆ. ದೊಡ್ಡ ನೋಟನ್ನ ಪರ್ಸ್‌ನ ಬೇರೆ ಅರೆಯಲ್ಲಿಡಿ.

ಇ-ವೀಸಾ 90 ದಿನದವರೆಗೆ ಸಿಗುತ್ತೆ: ಒಂದು ಪ್ರವೇಶಕ್ಕೆ 25 ಡಾಲರ್, ಹಲವು ಪ್ರವೇಶಕ್ಕೆ 50. ಮಧ್ಯೆ ಕಾಂಬೋಡಿಯಾದ ಅಂಕೋರ್ ನೋಡಿ ವಾಪಸ್ ಬರೋರಿಗೆ 50ರದ್ದೇ ಬೇಕು. ಸರ್ಕಾರಿ ಜಾಲತಾಣದ ವಿಳಾಸ ಜಿಒವಿ ಡಾಟ್ ವಿಎನ್ ಅಂತ ಮುಗಿಯುತ್ತೆ. ಅದೇ ಥರ ಕಾಣೋ ಖಾಸಗಿ ತಾಣಗಳು ದುಪ್ಪಟ್ಟು ವಸೂಲಿ ಮಾಡ್ತವೆ. ಅರ್ಜಿಯಲ್ಲಿ ಒಳಬರೋ ನಿಲ್ದಾಣ, ಹೊರಹೋಗೋ ನಿಲ್ದಾಣ ಎರಡನ್ನೂ ಕೇಳ್ತಾರೆ, ಟಿಕೆಟ್ ನೋಡಿ ತುಂಬಿ. ನಮ್ಮಲ್ಲಿ ಎಷ್ಟೋ ಜನರ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಇರುತ್ತೆ. ಅಂಥೋರು ಅಪ್ಪನ ಹೆಸರನ್ನೋ ಇನಿಷಿಯಲ್ಲನ್ನೋ ಅಲ್ಲಿ ತುರುಕಬೇಡಿ. ಪಾಸ್‌ಪೋರ್ಟ್‌ನಲ್ಲಿ ಅಚ್ಚಾಗಿರೋ ಹೆಸರನ್ನೇ ಅಕ್ಷರ ಬಿಡದೆ ಬರೆಯಿರಿ, ವಿಮಾನದ ಟಿಕೆಟ್‌ನಲ್ಲೂ ಅದೇ ಇರಲಿ. ಹೆಸರು ತಪ್ಪಿದರೆ ತಿದ್ದಲ್ಲ, ಮತ್ತೆ ಶುಲ್ಕ ಕಟ್ಟಿ ಹೊಸ ಅರ್ಜಿ ಹಾಕಬೇಕು. ಅದಕ್ಕೆ ಸಮಯ ಇರೋ ಹಾಗೆ ಎರಡು ವಾರ ಮುಂಚೆಯೇ ಹಾಕಿ.