ರೂಮು ನೋಡಿ ಅಪೆಂಡಿಕ್ಸ್

ದಾವಣಗೆರೆಯಲ್ಲಿ ಅಪೆಂಡಿಕ್ಸ್ ತೆಗೆಸುವವರು ಹೊಟ್ಟೆ ಮುಟ್ಟಿ ನೋಡಿಕೊಳ್ಳುವ ಮೊದಲು ಪಾಲಿಸಿಯ ರೂಮ್ ಬಾಡಿಗೆ ಸಾಲು ಓದಿಕೊಳ್ಳಬೇಕು. 3 ಲಕ್ಷದ ವಿಮೆಯಲ್ಲಿ ದಿನಕ್ಕೆ 1% ಎಂದಿದ್ದರೆ ನಿಮ್ಮ ಯೋಗ್ಯತೆ 3,000 ರೂಪಾಯಿಯದು. ಬೀಗರು ನೋಡಲು ಬರ್ತಾರೆ, ಎಸಿ ಇರಲಿ ಅಂತ 6,000ದ್ದು ಹಿಡಿದಿರೋ, ಕೆಟ್ಟಿರಿ.

ಉದಾಹರಣೆಗೆ ನಾಲ್ಕು ದಿನದ ಲೆಕ್ಕ. ರೂಮಿಗೆ 24,000, ಸರ್ಜನ್, ಅರಿವಳಿಕೆ, ಥಿಯೇಟರ್, ನರ್ಸಿಂಗ್ 80,000, ಔಷಧಿ, ಲ್ಯಾಬ್ 40,000, ಗ್ಲೌಸು, ಮಾಸ್ಕು ಇತ್ಯಾದಿ 6,000. ರೂಮಿನ ಹೆಚ್ಚುವರಿ 12,000 ಕೈಯಿಂದ ಕಟ್ಟಿದರಾಯಿತು ಅಂದುಕೊಂಡಿರುತ್ತೀರಿ. ನಿಮ್ಮ ಯೋಗ್ಯತೆ ಹಿಡಿದ ರೂಮಿನ ಅರ್ಧದ್ದು ತಾನೇ, ಕಂಪನಿ ಆ 80,000ವನ್ನೂ ಅರ್ಧಕ್ಕಿಳಿಸುತ್ತದೆ. ಔಷಧಿ, ಲ್ಯಾಬ್ ಬಚಾವು. ಗ್ಲೌಸಿಗೆ ದುಡ್ಡಿಲ್ಲ, ಬರಿಗೈಲಿ ಕೊಯ್ಯಿಸಿಕೊಳ್ಳಬೇಕಿತ್ತೇನೋ. ನಿಮ್ಮ ಪಾಲು 58,000. ಬೆಣ್ಣೆದೋಸೆ ಕೊಡಿಸುತ್ತೇನೆಂದು ಕರೆದೊಯ್ದವ, ಎಸಿ ಹಾಲ್‌ನಲ್ಲಿ ಕೂತಿರೆಂದು ಪಲ್ಯ, ಚಟ್ನಿಯ ದುಡ್ಡಲ್ಲೂ ಅರ್ಧ ನಿಮ್ಮಿಂದ ಕಿತ್ತ ಹಾಗೆ.

ಕಂಪನಿಯೊಂದನ್ನೇ ಬೈಯಬೇಡಿ. ಕರುಳು ಅದೇ, ಕತ್ತರಿ ಅದೇ. ಸ್ಪೆಷಲ್ ವಾರ್ಡಿನ ಹೊಟ್ಟೆಗೆ ಮಾತ್ರ ಬೇರೆ ದರ ಹಾಕುವ ಪದ್ಧತಿ ಆಸ್ಪತ್ರೆಗಳದ್ದು. ರೂಮಿನ ಮೇಲೆ ದರ ಬದಲಿಸದ ಆಸ್ಪತ್ರೆಯಲ್ಲಿ ಕಂಪನಿ ಹೀಗೆ ಕಡಿತ ಮಾಡುವಂತಿಲ್ಲ. ದರ ಬದಲಿಸುವುದಿಲ್ಲವೆಂದು ಅಡ್ಮಿಟ್ ಆಗುವಾಗಲೇ ಆಸ್ಪತ್ರೆಯಿಂದ ಬರೆಸಿಕೊಳ್ಳಿ, ನೋವು ತಡೆದುಕೊಂಡಾದರೂ.

ಇನ್ನು ಡಿಸ್ಚಾರ್ಜ್. ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ಸುತ್ತೋಲೆ ಪ್ರಕಾರ ಕ್ಯಾಶ್‌ಲೆಸ್ (ಕಂಪನಿಯೇ ಆಸ್ಪತ್ರೆಗೆ ನೇರ ಕಟ್ಟುವುದು) ಒಪ್ಪಿಗೆಗೆ ಒಂದು ಗಂಟೆ, ಕೊನೆಯ ಬಿಲ್ಲಿಗೆ ಮೂರು ಗಂಟೆ. ಆ ಮೂರು ಗಂಟೆ ಮೀರಿದರೆ ಆಸ್ಪತ್ರೆಯ ಹೆಚ್ಚುವರಿ ಬಿಲ್ಲು ಕಂಪನಿಯ ಷೇರುದಾರರ ನಿಧಿಯಿಂದ. ಭೇಷ್! ಆದರೆ ಗಡಿಯಾರ ಓಡುವುದು ಆಸ್ಪತ್ರೆಯ ಕೋರಿಕೆ ಕಂಪನಿ ತಲುಪಿದ ಮೇಲೆ. ಡಾಕ್ಟರು ಬೆಳಿಗ್ಗೆ ರೌಂಡ್ಸಿನಲ್ಲೇ 'ಇವತ್ತು ಮನೆಗೆ ಹೋಗ್ರಿ' ಅಂದಿರುತ್ತಾರೆ. ಉಳಿದ ಇಂಜೆಕ್ಷನ್ ಫಾರ್ಮಸಿಗೆ ವಾಪಸಾಗಿ, ಸಮ್ಮರಿ ಟೈಪಾಗಿ, ಬಿಲ್ಲು ಮುಗಿಯುವಾಗ ಊರಲ್ಲಿ ಮಂಡಕ್ಕಿ-ಮಿರ್ಚಿ ಹೊತ್ತು. ಮೂರು ಗಂಟೆ ಆಗ ಶುರು.

ಕಡಿತ ಅನ್ಯಾಯವೆನಿಸಿದರೆ ಮೊದಲು ಕಂಪನಿಗೆ ಬರೆದು 30 ದಿನ ಕಾಯಿರಿ. ಆಮೇಲೆ ವಿಮೆಯ ದೂರು ಕೇಳುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್. ಫೀಜಿಲ್ಲ, ವಕೀಲರು ಬೇಡ. ಆದರೆ ಆಪರೇಷನ್ನಿಗೆ 80,000 ಯಾಕಾಯಿತು ಅಂತ ಅಲ್ಲಿ ಕೇಳಬೇಡಿ. ಒಂಬುಡ್ಸ್‌ಮನ್, ಪ್ರಾಧಿಕಾರ ಇಬ್ಬರ ಕೈಯೂ ಕಂಪನಿಯ ತನಕ ಮಾತ್ರ. ಆಸ್ಪತ್ರೆಗಿರುವುದು ಖಾಸಗಿ ಆಸ್ಪತ್ರೆಗಳಿಗೆಂದೇ ಮಾಡಿದ ರಾಜ್ಯದ 2007ರ ಕೆಪಿಎಂಇ ಕಾಯ್ದೆ. ಅದರ ಪ್ರಕಾರ ದರಪಟ್ಟಿ ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕು. ರಿಸೆಪ್ಷನ್‌ನ ಕ್ಯಾಲೆಂಡರ್ ಅಡ್ಡ ಬಂದರೆ ಸರಿಸಿ ಓದಿಕೊಳ್ಳಿ.