ಮರಗುತ್ತಿ ಸುರಂಗದಲ್ಲಿ ಕಡಿದ ಟರ್ಮಿನಲ್

ಬೀದರ್‌ನಿಂದ ಕಲಬುರಗಿಗೆ ರೈಲಿನಲ್ಲಿ ಓಡಾಡುವವರಿಗೆ ಮರಗುತ್ತಿ ಸುರಂಗ ಗೊತ್ತೇ ಇರುತ್ತದೆ. ಬೋಗಿ ಕತ್ತಲಾಗುತ್ತದೆ, ಹುಡುಗರು ಕೂಗು ಹಾಕುತ್ತಾರೆ, ಮೊಬೈಲಿನ ಸಿಗ್ನಲ್ ಹೋಗುತ್ತದೆ. 2017ರಲ್ಲಿ ಈ ಲೈನ್ ಶುರುವಾದಾಗಿನಿಂದ ನಾನು ಬೀದರ್ ಬಸ್ ಹತ್ತುವುದನ್ನೇ ಬಿಟ್ಟಿದ್ದೇನೆ. ಹೋದ ತೊಗರಿ ಸೀಸನ್ನಿನಲ್ಲಿ ಅದೇ ಸುರಂಗದೊಳಗೆ ನನ್ನ ಅರ್ಧ ದಿನದ ಕೆಲಸ ಹಾಳಾಯಿತು.

ಕಲಬುರಗಿಯ ನಾಲ್ಕು ದಾಲ್ ಮಿಲ್ಲುಗಳ ಬಿಲ್ಲಿಂಗ್ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು. ಪ್ರತಿ ಮಿಲ್ಲಿನ ಆಫೀಸಿನ ಮೂಲೆಯಲ್ಲಿ ಒಂದು ಲಿನಕ್ಸ್ ಮಷೀನ್ ಇದೆ, ಅದರ ಮೇಲೆ ಬೇಳೆ ಧೂಳು ಬೀಳದ ಹಾಗೆ ಬಟ್ಟೆ ಹೊದಿಸಿರುತ್ತಾರೆ. ದೂರದಿಂದ ಅದಕ್ಕೆ ಎಸ್‌ಎಸ್‌ಎಚ್ ಮೂಲಕ, ಅಂದರೆ ಗುಪ್ತಲಿಪಿಯ ಸಂಪರ್ಕದ ಮೂಲಕ ಸೇರಿಕೊಂಡು, ಟರ್ಮಿನಲ್ ಅನ್ನುವ ಕಮಾಂಡ್ ಹೊಡೆಯುವ ಪರದೆಯಲ್ಲಿ ಕೆಲಸ ಮಾಡುತ್ತೇನೆ. ಅವತ್ತು ರೈಲಿನಲ್ಲಿ ಕೂತು ಒಂದು ಮಿಲ್ಲಿನ ಡೇಟಾಬೇಸನ್ನು ಹೊಸ ಡಿಸ್ಕಿಗೆ ಸಾಗಿಸುತ್ತಿದ್ದೆ. ಸುರಂಗ ಬಂತು, ಪರದೆ ಗಟ್ಟಿಯಾಗಿ ನಿಂತಿತು. ಆಚೆ ಬಂದ ಮೇಲೂ ಕರ್ಸರ್ ಅಲುಗಲಿಲ್ಲ. ಸ್ವಲ್ಪ ಹೊತ್ತಿಗೆ ಮುನೀಮರ ಫೋನು: "ಅಣ್ಣಾರ, ಬಿಲ್ ಬರವಲ್ತ್ರಿ. ಲಾರಿ ಲೋಡ್ ಆಗಿ ನಿಂತದ, ಡ್ರೈವರ್ ಒದರಾಕತ್ಯಾನ."

ಆಗಿದ್ದು ಇಷ್ಟು. ಎಸ್‌ಎಸ್‌ಎಚ್ ಓಡುವುದು ಟಿಸಿಪಿ ಅನ್ನುವ ನೆಟ್‌ವರ್ಕ್ ಸಂಪರ್ಕದ ಮೇಲೆ. ಟಿಸಿಪಿ ಸಂಪರ್ಕ ಅಂದರೆ ಎರಡು ತುದಿಯ ವಿಳಾಸ, ಎರಡು ತುದಿಯ ಪೋರ್ಟು (ಬಾಗಿಲಿನ ನಂಬರ್ ಇದ್ದ ಹಾಗೆ), ಈ ನಾಲ್ಕೂ ಸೇರಿದ ಗಂಟು. ಸಿಗ್ನಲ್ ಹೋಗಿ ಬಂದು ಫೋನಿಗೆ ಹೊಸ ವಿಳಾಸ ಸಿಕ್ಕಿತು ಅಂದರೆ ಆ ಗಂಟು ಬಿಚ್ಚಿಹೋಯಿತು, ಮತ್ತೆ ಕಟ್ಟಲು ಬರುವುದಿಲ್ಲ. ಆಚೆ ಕಡೆಯ ಸರ್ವರ್‌ಗೆ, ಅಂದರೆ ಮಿಲ್ಲಿನ ಮಷೀನಿಗೆ, ಇದು ತಿಳಿದಾಗ ಅದು ಟರ್ಮಿನಲ್ ಮುಚ್ಚುತ್ತದೆ, ಅದರಡಿ ಓಡುತ್ತಿದ್ದ ಕೆಲಸಕ್ಕೆ "ಹ್ಯಾಂಗಪ್" ಅನ್ನುವ ನಿಲ್ಲಿಸುವ ಸೂಚನೆ ಹೋಗುತ್ತದೆ. ಮೋಡೆಮ್ ಕಾಲದಲ್ಲಿ ಫೋನ್ ಇಟ್ಟುಬಿಟ್ಟರೆ ಲೈನ್ ಕಡಿಯುತ್ತಿತ್ತಲ್ಲ, ಆ ಹೆಸರೇ ಇನ್ನೂ ಉಳಿದಿದೆ. ನನ್ನ ಡೇಟಾಬೇಸ್ ಅರ್ಧಕ್ಕೆ ನಿಂತಿತು. ಮಿಲ್ಲಿಗೆ ಹೋಗಿ ಬ್ಯಾಕಪ್ಪಿನಿಂದ ಸರಿಮಾಡಿ ಮನೆ ಸೇರುವಾಗ ರಾತ್ರಿ ಹತ್ತೂವರೆ.

ಮರುದಿನವೇ ನಿರ್ಧಾರ ಮಾಡಿದೆ, ನಮ್ಮ ದಾರಿಗೆ ಹೊಂದುವ ಒಂದು ಕಮಾಂಡ್ ಲೈನ್ ಕ್ಲೈಂಟ್, ಅಂದರೆ ನಮ್ಮ ಕಡೆಯಿಂದ ಸರ್ವರಿಗೆ ಸೇರಿಸುವ ಪ್ರೋಗ್ರಾಮ್, ನಾವೇ ಬರೆಯಬೇಕು ಅಂತ.

ಇಂಥದ್ದಕ್ಕೇ ಮಾಶ್ ಅನ್ನುವ ಪ್ರೋಗ್ರಾಮ್ ಇದೆಯಲ್ಲ ಅಂತ ತಿಳಿದವರು ಕೇಳುತ್ತೀರಿ. ಇದೆ, ಬಹಳ ಒಳ್ಳೆಯದು. 2012ರಲ್ಲಿ ಎಂಐಟಿಯ ಕೀತ್ ವಿನ್‌ಸ್ಟೈನ್ ಮತ್ತು ಹರಿ ಬಾಲಕೃಷ್ಣನ್ ಅದರ ಬಗ್ಗೆ ಪ್ರಬಂಧ ಬರೆದರು. ಫೋನಿನ ವಿಳಾಸ ಬದಲಾದರೂ ಅದು ಬಿಡುವುದಿಲ್ಲ, ನೀವು ಒತ್ತಿದ ಅಕ್ಷರವನ್ನು ಸರ್ವರ್ ಉತ್ತರಕ್ಕೆ ಕಾಯದೆ ಊಹಿಸಿ ತೋರಿಸುತ್ತದೆ. ಆದರೆ ಅದಕ್ಕೆ ಯುಡಿಪಿ ಅನ್ನುವ, ಟಿಸಿಪಿಗಿಂತ ಬೇರೆಯಾದ ಸಾಗಣೆ ವಿಧಾನದ 60000ರಿಂದ 61000ರ ನಡುವಿನ ಪೋರ್ಟು ಬೇಕು. ನಾನು ಪ್ರತಿ ಮಿಲ್ಲಿನ ರೂಟರಿನಲ್ಲಿ ತೆರೆದಿಟ್ಟಿರುವುದು ಒಂದೇ ಒಂದು ಟಿಸಿಪಿ ಬಾಗಿಲು, ಇನ್ನೊಂದನ್ನು ತೆರೆಯುವ ಮನಸ್ಸು ನನಗಿಲ್ಲ.

ನನ್ನ ಹತ್ತಿರ ಕೆಲಸ ಕಲಿಯಲು ಇಂಜಿನಿಯರಿಂಗ್ ಕೊನೆ ವರ್ಷದ ಹುಡುಗಿಯೊಬ್ಬಳು ಬರುತ್ತಾಳೆ. ಅವಳ ಕ್ಲಾಸಿನಲ್ಲಿ ಅನೇಕರು ರೆಡಿಮೇಡ್ ಪ್ರಾಜೆಕ್ಟ್ ಕೊಂಡು ತಂದಿದ್ದರು, ರಿಪೋರ್ಟ್ ಬೈಂಡ್ ಮಾಡಿಸಿದ್ದೂ ಅಂಗಡಿಯವರೇ. ಇವಳೂ ಕೊಳ್ಳುವವಳಿದ್ದಳು. "ತಂಗಿ, ಆ ದುಡ್ಡು ಮನಿಗೆ ಕೊಡು. ಇದನ್ನ ನೀನೇ ಬರಿ, ನಾ ಬಾಜೂಕ ಕೂಡ್ತೀನಿ" ಅಂದೆ. ಬರೆಯುವ ಭಾಷೆ ಪೈಥಾನ್, ಜೊತೆಗೆ ಎಸ್‌ಎಸ್‌ಎಚ್‌ನ ಸಿದ್ಧ ಕೋಡಿರುವ ಪ್ಯಾರಾಮಿಕೊ ಲೈಬ್ರರಿ. ಗುಪ್ತಲಿಪಿಯ ಭಾಗವನ್ನು ಲೈಬ್ರರಿಗೇ ಬಿಡಬೇಕು. ಅದನ್ನು ಕೈಯಾರೆ ಬರೆಯಲು ಹೋಗುವುದು ಅಪಾಯ, ಈ ಮಾತನ್ನು ಅವಳಿಗೆ ಮೊದಲ ದಿನವೇ ಹೇಳಿದ್ದೆ.

ಮೊದಲ ಸಂಜೆ ಸಂಪರ್ಕವಾಯಿತು, ಅವಳ ಮುಖ ಅರಳಿತು. ಕಮಾಂಡ್ ಹೊಡೆದರೆ ಪ್ರತಿ ಸಾಲೂ ಎರಡೆರಡು ಸಲ ಕಾಣುತ್ತಿತ್ತು. ಕಂಟ್ರೋಲ್-ಸಿ ಒತ್ತಿದರೆ ಅಲ್ಲಿನ ಕೆಲಸ ನಿಲ್ಲುವ ಬದಲು ಇಲ್ಲಿನ ನಮ್ಮ ಪ್ರೋಗ್ರಾಮೇ ಸಾಯುತ್ತಿತ್ತು. "ಸರ್, ಹಿಂಗ್ಯಾಕ ಆಗಾಕತ್ತದ?" ಅವಳು ಕೇಳಿದ ಈ ಪ್ರಶ್ನೆಯಲ್ಲೇ ಇಡೀ ಪಾಠ ಇತ್ತು. ನಮ್ಮ ಟರ್ಮಿನಲ್ ಮಾಮೂಲಾಗಿ ಸಾಲು ಮುಗಿಯುವವರೆಗೆ ಅಕ್ಷರಗಳನ್ನು ಹಿಡಿದಿಟ್ಟುಕೊಳ್ಳುತ್ತದೆ, ತಾನೇ ಪರದೆಗೆ ಬರೆಯುತ್ತದೆ, ಕಂಟ್ರೋಲ್-ಸಿ ಕಂಡರೆ ತಾನೇ ನಿಲ್ಲಿಸುವ ಸೂಚನೆ ಕಳಿಸುತ್ತದೆ. ಆ ಕಡೆಯ ಟರ್ಮಿನಲ್ಲೂ ಅದನ್ನೇ ಮಾಡುತ್ತದೆ. ಆದ್ದರಿಂದ ಈ ಕಡೆಯದನ್ನು ರಾ ಮೋಡ್‌ಗೆ ಹಾಕಬೇಕು, ಒತ್ತಿದ ಪ್ರತಿ ಬೈಟ್ ಇದ್ದ ಹಾಗೇ ಆಚೆ ಹೋಗಬೇಕು. ಕೆಲಸ ಮುಗಿದ ಮೇಲೆ, ಪ್ರೋಗ್ರಾಮ್ ತಪ್ಪಿ ಬಿದ್ದರೂ ಕೂಡ, ಟರ್ಮಿನಲ್ಲನ್ನು ಮೊದಲಿದ್ದ ಸ್ಥಿತಿಗೆ ತಂದಿಟ್ಟು ಹೋಗಬೇಕು. ಇಲ್ಲದಿದ್ದರೆ ಸಾಲುಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತವೆ, ಟೈಪ್ ಮಾಡಿದ್ದು ಕಣ್ಣಿಗೇ ಬೀಳುವುದಿಲ್ಲ. ಕಣ್ಣು ಮುಚ್ಚಿ "ರೀಸೆಟ್" ಅಂತ ಹೊಡೆದು ಅದನ್ನು ಉಳಿಸಿಕೊಳ್ಳುವುದನ್ನು ಅವಳು ಅವತ್ತು ಕಲಿತಳು. ಪರದೆಯ ಅಳತೆ ಹೇಳದಿದ್ದರೆ ಪ್ಯಾರಾಮಿಕೊ 80 ಕಾಲಂ, 24 ಸಾಲು ಅಂತ ಹಿಡಿಯುತ್ತದೆ. 1978ರ ವಿಟಿ100 ಟರ್ಮಿನಲ್ಲಿನ ಅಳತೆಯೂ ಅದೇ.

ಈಗ ನನಗೆ ಸಂಕಟ ತರುವ ವಿಷಯಕ್ಕೆ ಬರುತ್ತೇನೆ. ಅವಳ ಕೋಡಿನಲ್ಲಿ "ಆಟೋ ಆ್ಯಡ್ ಪಾಲಿಸಿ" ಅನ್ನುವ ಸಾಲಿತ್ತು. ಎಲ್ಲಿ ಹುಡುಕಿದರೂ ಸಿಗುವ ಮಾದರಿ ಕೋಡಿನಲ್ಲಿ ಅದಿದೆ. ಗೊತ್ತಿಲ್ಲದ ಸರ್ವರ್ ತನ್ನ ಗುರುತಿನ ಕೀ ತೋರಿಸಿದರೆ ಏನೂ ಕೇಳದೆ ನಂಬು ಅಂತ ಅದರ ಅರ್ಥ. ಹಿಂದೆ ನಂಬಿದ ಕೀಗಳ ಪಟ್ಟಿಯನ್ನೂ ಓದಿಸದಿದ್ದರೆ ಪ್ರತಿ ಸಲವೂ ಸರ್ವರ್ ಹೊಸದೇ, ಪ್ರತಿ ಸಲವೂ ನಂಬಿಕೆಯೇ. ಎಸ್‌ಎಸ್‌ಎಚ್ ಹುಟ್ಟಿದ್ದು ಯಾಕೆ ಅಂತ ಅವಳಿಗೆ ಹೇಳಿದೆ. 1995ರಲ್ಲಿ ಫಿನ್‌ಲ್ಯಾಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕಿಗೆ ಯಾರೋ ಕಿವಿ ಹಚ್ಚಿ ಪಾಸ್‌ವರ್ಡ್ ಕದ್ದರು. ಆಗ ದೂರದ ಕಂಪ್ಯೂಟರ್ ಸೇರಲು ಬಳಸುತ್ತಿದ್ದ ಟೆಲ್ನೆಟ್ಟಿನಲ್ಲಿ ಪಾಸ್‌ವರ್ಡ್ ಬಿಚ್ಚಿಟ್ಟ ಪೋಸ್ಟ್ ಕಾರ್ಡಿನ ಹಾಗೆ ಹೋಗುತ್ತಿತ್ತು. ಅಲ್ಲಿನ ಸಂಶೋಧಕ ತಾತು ಉಲೋನೆನ್ ಕೂತು ಎಸ್‌ಎಸ್‌ಎಚ್ ಬರೆದರು, ಕಡತ ಸಾಗಿಸುವ ಎಫ್‌ಟಿಪಿಯ 21 ಮತ್ತು ಟೆಲ್ನೆಟ್ಟಿನ 23ರ ನಡುವೆ ಖಾಲಿ ಇದ್ದ 22ನೇ ಪೋರ್ಟನ್ನು ಕೇಳಿ ಪಡೆದರು. ಕದಿಯುವವನನ್ನು ತಡೆಯಲೆಂದೇ ಹುಟ್ಟಿದ ಉಪಕರಣದಲ್ಲಿ ನಾವು ಬಾಗಿಲ ಚಿಲಕ ತೆಗೆದಿಟ್ಟರೆ ಹೇಗೆ? ನಡುವೆ ಕೂತವನು ನಾನೇ ಮಿಲ್ಲಿನ ಸರ್ವರ್ ಅಂದರೆ ನಮ್ಮ ಕ್ಲೈಂಟ್ ಅವನಿಗೇ ಪಾಸ್‌ವರ್ಡ್ ಕೊಡುತ್ತದೆ.

ಗಂಜಿನಲ್ಲಿ, ಅಂದರೆ ನಮ್ಮ ಧಾನ್ಯದ ಮಾರುಕಟ್ಟೆಯಲ್ಲಿ, ಯಾರೂ ಗುರುತಿಲ್ಲದ ಲಾರಿಗೆ ತೊಗರಿ ಚೀಲ ಏರಿಸುವುದಿಲ್ಲ. ಮುನೀಮ ಗಾಡಿ ನಂಬರ್ ನೋಡುತ್ತಾನೆ, ಟ್ರಾನ್ಸ್‌ಪೋರ್ಟಿನವರಿಗೆ ಫೋನ್ ಮಾಡುತ್ತಾನೆ, ಆಮೇಲೆ ಹಮಾಲರಿಗೆ ಹ್ಞೂಂ ಅನ್ನುತ್ತಾನೆ. ನಾವೂ ಹಾಗೇ ಮಾಡಿದೆವು. ಆ ಸಾಲು ಅಳಿಸಿ, ಗೊತ್ತಿಲ್ಲದ ಕೀ ಬಂದರೆ ಸಂಪರ್ಕವನ್ನೇ ನಿರಾಕರಿಸುವ ನಿಯಮ ಹಾಕಿದೆವು. ಪ್ರತಿ ಮಿಲ್ಲಿನ ಸರ್ವರ್ ಕೀಯ ಬೆರಳಚ್ಚನ್ನು, ಅಂದರೆ ಶಾ-256 ಅನ್ನುವ ಲೆಕ್ಕ ಆ ಕೀಯಿಂದ ತೆಗೆದುಕೊಡುವ 43 ಅಕ್ಷರಗಳನ್ನು, ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು ಆಫೀಸಿನ ಗೋಡೆಗೆ, ಶರಣಬಸವೇಶ್ವರರ ಫೋಟೊ ಪಕ್ಕದಲ್ಲಿ ಅಂಟಿಸಿದ್ದೇನೆ. ಹೊಸ ಲ್ಯಾಪ್‌ಟಾಪಿನಿಂದ ಮೊದಲ ಸಲ ಸೇರುವಾಗ ಮುನೀಮರಿಗೆ ಫೋನ್ ಮಾಡುತ್ತೇವೆ. ಅವರು ಕನ್ನಡಕ ಏರಿಸಿ ಓದುತ್ತಾರೆ: "ದೊಡ್ಡ ಕೆ, ಸಣ್ಣ ಕ್ಯೂ, ಏಳು, ಪ್ಲಸ್..." ಹುಡುಗಿ ಒಂದೊಂದನ್ನೇ ಬೆರಳಿಟ್ಟು ನೋಡುತ್ತಾಳೆ. ಪೂರಾ ಎರಡು ನಿಮಿಷ ಬೇಕು. ಆ ಎರಡು ನಿಮಿಷವನ್ನು ದಂಡ ಅನ್ನುವವರ ಜೊತೆ ನಾನು ಜಗಳಕ್ಕೂ ಸಿದ್ಧ.

ಸುರಂಗದ ಮಾತು ಸಲೀಸಾಗಿ ಮುಗಿಯಿತು. ಟರ್ಮಿನಲ್ಲನ್ನು ಸರ್ವರಿನಲ್ಲೇ ತೆರೆದಿಡುವ ಟಿಮಕ್ಸ್ ಅನ್ನುವ ಪ್ರೋಗ್ರಾಮನ್ನು ಅಲ್ಲಿ ಓಡಿಸಿದರೆ ಕೆಲಸ ಅದರೊಳಗೆ ಬದುಕಿರುತ್ತದೆ, ನಮ್ಮ ಲೈನ್ ಕಡಿದರೂ ಅದಕ್ಕೆ ಚಿಂತೆಯಿಲ್ಲ. ನಮ್ಮ ಕ್ಲೈಂಟ್ ಆಗಾಗ ಒಂದು ಸಣ್ಣ ಕರೆ ಕಳಿಸುತ್ತದೆ, ಉತ್ತರ ಬರದಿದ್ದರೆ ಹಳೆ ಸಂಪರ್ಕ ಬಿಟ್ಟು ಹೊಸದು ಮಾಡಿ ಅದೇ ಟಿಮಕ್ಸ್ ಸೆಷನ್ನಿಗೆ ಹೋಗಿ ಕೂಡುತ್ತದೆ.

ತಲೆ ತಿಂದದ್ದು ಕನ್ನಡ. ಮಿಲ್ಲಿನವರ ಸರಕಿನ ಹೆಸರೆಲ್ಲ ಕನ್ನಡದಲ್ಲಿವೆ, ಮಾಡಿದ ಕೆಲಸದ ದಾಖಲೆಯನ್ನು ಕ್ಲೈಂಟ್ ಒಂದು ಕಡತಕ್ಕೂ ಬರೆಯುತ್ತದೆ. ಆ ಕಡತದಲ್ಲಿ ತೊಗರಿಯ ನಡುವೆ ಅಲ್ಲಲ್ಲಿ ಕಪ್ಪು ವಜ್ರದೊಳಗಿನ ಪ್ರಶ್ನೆ ಚಿಹ್ನೆ. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟು. ನಾವು ಓದುತ್ತಿದ್ದದ್ದು ಒಂದು ಸಲಕ್ಕೆ 4096 ಬೈಟು. ಮೂರರಿಂದ ಭಾಗಿಸಿ, 1365 ಸಂಕೇತ ಹೋಗಿ 1 ಬೈಟ್ ಉಳಿಯುತ್ತದೆ. ಅಂದರೆ ಬರೀ ಕನ್ನಡವೇ ಬಂದರೆ ಕೊನೆಯ ಅಕ್ಷರ ಕತ್ತರಿಸಿಯೇ ಬರುತ್ತದೆ. ಪ್ರತಿ ತುಂಡನ್ನೂ ಆಗಿಂದಾಗಲೇ ಅಕ್ಷರ ಮಾಡಲು ಹೋಗಿದ್ದೇ ತಪ್ಪು. ಉಳಿದ ಬೈಟನ್ನು ಮುಂದಿನ ತುಂಡಿಗೆ ಕಾಯ್ದಿಡುವ ಡಿಕೋಡರ್ ಪೈಥಾನಿನಲ್ಲೇ ಇದೆ, ಅದನ್ನು ಹಾಕಿದೆವು. ಬರೀ ಇಂಗ್ಲಿಷಿನಲ್ಲಿ ಪರೀಕ್ಷೆ ಮಾಡುವವರಿಗೆ ಈ ತಪ್ಪು ಎಂದೂ ಕಾಣುವುದಿಲ್ಲ, ಅಲ್ಲಿ ಒಂದು ಅಕ್ಷರಕ್ಕೆ ಒಂದೇ ಬೈಟು. ನಮ್ಮ ಹುಡುಗ ಹುಡುಗಿಯರು ಇಂಥದ್ದನ್ನು ಕೈಯಿಂದ ಬರೆಯಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ. ನಮ್ಮ ಸುರಂಗ, ನಮ್ಮ ಲಿಪಿ ತೊಡಕು ಮಾಡಿದರೆ ಅದು ಮೊದಲು ಕಾಣುವುದು ನಮಗೆ.

ಪ್ರಾಜೆಕ್ಟಿನ ವೈವಾದಲ್ಲಿ ಅವಳು ಲೈನ್ ಕಡಿದು ಮತ್ತೆ ಜೋಡಿಸಿ ತೋರಿಸಿದಳಂತೆ. ಕೇಳಿದ ಪ್ರಶ್ನೆಗೆಲ್ಲ ಉತ್ತರ ಕೊಟ್ಟೆ ಸರ್ ಅಂದಳು. ನನಗೆ ಅಷ್ಟೇ ಸಾಕು.

ಒಂದು ಗಂಟು ಇನ್ನೂ ಬಿಚ್ಚಿಲ್ಲ. ಎಲ್ಲ ಲಿಪಿಗಳ ಅಕ್ಷರಕ್ಕೂ ಸಂಕೇತ ಕೊಡುವ ಯುನಿಕೋಡಿನ ಲೆಕ್ಕದಲ್ಲಿ ಗುಡಿಸು ಜಾಗ ತೆಗೆದುಕೊಳ್ಳದ ಗುರುತು, ಕೊಂಬು ಜಾಗ ತೆಗೆದುಕೊಳ್ಳುವ ಗುರುತು. ಆ ಲೆಕ್ಕ ಹಿಡಿಯುವ ಟರ್ಮಿನಲ್ಲುಗಳಲ್ಲಿ "ಗಿ" ಒಂದು ಕಾಲಂ, "ಬು" ಎರಡು ಕಾಲಂ. ಕಲಬುರಗಿ ಅಂತ ಬರೆದರೆ ಕಣ್ಣಿಗೆ ಐದು ಅಕ್ಷರ, ಅವುಗಳಿಗೆ ಆರು ಕಾಲಂ, ಬಿಲ್ಲಿನ ಗೆರೆಗಳು ಸೊಟ್ಟ. ಬೀದರ್, ಯಾದಗಿರಿ ಕಡೆ ಯಾರಾದರೂ ಇದರ ಮೇಲೆ ಕೆಲಸ ಮಾಡಿದ್ದರೆ ದಯವಿಟ್ಟು ಬರೆಯಿರಿ. ಭಾನುವಾರ ಬೆಳಿಗ್ಗೆ ನಾವಿಬ್ಬರೂ ಇದೇ ಕೆಲಸಕ್ಕೆ ಕೂತಿರುತ್ತೇವೆ, ಬಂದರೆ ಇನ್ನೊಂದು ಕುರ್ಚಿ ಹಾಕುತ್ತೇನೆ.