ತೋಟದ ಬೋರ್ಡಿಗೆ 9 ವೋಲ್ಟ್ ಬ್ಯಾಟರಿ ಬೇಡ

ಕಂಪ್ಯೂಟರ್ ಇಲ್ಲದೆ ಆರ್ಡುಯಿನೊ ಊನೊ (ಪ್ರೋಗ್ರಾಂ ಹಾಕಿ ಪಂಪಿನಂಥದ್ದನ್ನು ನಡೆಸುವ ಸಣ್ಣ ಬೋರ್ಡ್) ನಡೆಸಲು 9 ವೋಲ್ಟಿನ ಚೌಕ ಬ್ಯಾಟರಿ ಸಾಕು ಅಂತ ನಿಮ್ಮ ಲೇಖನದಲ್ಲಿದೆ. ದಯವಿಟ್ಟು ತಿದ್ದಿ ಸಾರ್. ಬೋರ್ಡ್ ಸುಮ್ನೆ ಕೂತರೂ ಸುಮಾರು 50 ಮಿಲಿಆಂಪಿಯರ್ ಕರೆಂಟ್ ಎಳೆಯುತ್ತದೆ, ಆ ಬ್ಯಾಟರಿ ಒಂದು ದಿನವೂ ಬರುವುದಿಲ್ಲ. ನಮ್ಮ ಕಾಸರಗೋಡಿನ ಬದಿಯಡ್ಕ ಕಡೆ ಬೇಸಿಗೆಯಲ್ಲಿ ಅಡಿಕೆ ತೋಟಕ್ಕೆ ನೀರು ಬಿಡಲು ಈ ಬೋರ್ಡನ್ನು ಇಡುವವರಿದ್ದಾರೆ. ನಡುರಾತ್ರಿ ಬ್ಯಾಟರಿ ಸತ್ತರೆ ಪಂಪ್ ನೋಡುವವರು ಯಾರು?

ಪ್ರೋಗ್ರಾಂ ಒಮ್ಮೆ ಹಾಕಿದರೆ ಚಿಪ್ಪಿನಲ್ಲೇ ಉಳಿಯುತ್ತದೆ, ಕರೆಂಟ್ ಹೋಗಿ ಬಂದರೂ ತಾನೇ ಶುರುವಾಗುತ್ತದೆ. ಹಾಗಾಗಿ ಮನೆ ಹತ್ತಿರವಾದರೆ ಫೋನಿನ ಚಾರ್ಜರೇ ಸಾಕು. ಪವರ್ ಬ್ಯಾಂಕ್ ನಂಬಬೇಡಿ, ಕಡಿಮೆ ಕರೆಂಟ್ ಎಳೆದರೆ ಹಲವು ತಾವಾಗಿಯೇ ಆಫ್ ಆಗುತ್ತವೆ.

ತೋಟದಲ್ಲಿ 12 ವೋಲ್ಟಿನ ಬ್ಯಾಟರಿ ಇದ್ದರೆ ನೇರ ಬೋರ್ಡಿನ ಗುಂಡು ಜ್ಯಾಕಿಗೆ (ಅಡಾಪ್ಟರ್ ಪಿನ್ ಚುಚ್ಚುವ ಜಾಗ) ಕೊಡಬಹುದು, ಆದರೆ ಚಾರ್ಜ್ ಆಗುವಾಗ ಅದು 14 ವೋಲ್ಟ್ ದಾಟುತ್ತದೆ, 5ಕ್ಕಿಂತ ಜಾಸ್ತಿ ಇರುವುದೆಲ್ಲ ಬೋರ್ಡಿನ ರೆಗ್ಯುಲೇಟರಿನಲ್ಲಿ (ವೋಲ್ಟೇಜನ್ನು 5ಕ್ಕೆ ಇಳಿಸುವ ಭಾಗ) ಬಿಸಿಯಾಗಿ ಹೋಗುತ್ತದೆ, ಪಂಪ್ ಆನ್-ಆಫ್ ಮಾಡುವ ರಿಲೇ ಸ್ವಿಚ್ ಸೇರಿಸಿದರೆ ಇನ್ನೂ ಜಾಸ್ತಿ. ಎಲ್‌ಎಂ2596 ಬಕ್ ಮಾಡ್ಯೂಲ್ (ಹೆಚ್ಚು ಬಿಸಿಯಾಗದೆ ವೋಲ್ಟೇಜ್ ಇಳಿಸುವ ಸಣ್ಣ ಬೋರ್ಡ್) ಹಾಕಿ, ಮೊದಲು ಮೀಟರ್ ಇಟ್ಟು ಅದರ ಸ್ಕ್ರೂವನ್ನು ಸರಿಯಾಗಿ 5 ವೋಲ್ಟಿಗೆ ತಿರುಗಿಸಿ, ಆಮೇಲೆ ಊನೊದ 5ವಿ ಪಿನ್ನಿಗೆ ಕೊಡಿ. ಆ ಪಿನ್ನಿಗೆ ಕೊಟ್ಟದ್ದು ರೆಗ್ಯುಲೇಟರಿಗೆ ಹೋಗದೆ ನೇರ ಚಿಪ್ಪಿಗೆ ಹೋಗುತ್ತದೆ, ವೋಲ್ಟೇಜ್ ಏರಿದರೆ ಬೋರ್ಡ್ ಸುಟ್ಟೇ ಹೋಗಬಹುದು.